ಗಿರಿಜಕ್ಕನ ಐದನೆಯ ಉಪಾಧ್ಯಕ್ಷ

ಗಿರಿಜಕ್ಕ ಸೈಕಲ್ ಹೊಡೆಯುತ್ತಿರಲಿಲ್ಲ, ಹಸುವನ್ನು ಅಟ್ಟುವಂತೆ ಹೊಡೆದುಕೊಂಡು ಹೋಗುತ್ತಿದ್ದರು. ಡಚ್ಚರ ನಾಡಿನ ನೈಮೆಗನ್ ಊರಿಗೆ ಬಂದ ಹೊಸದರಲ್ಲಿ ಗಂಡ ತಂದುಕೊಟ್ಟ ಹಳೆಯ ಸೈಕಲ್ ಅದು. ಹತ್ತುವ ಧೈರ್ಯ ಅವರಿಗೆ ಬರಲಿಲ್ಲ, ಮನೆಯಲ್ಲಿ ಬಿಟ್ಟುಹೋಗಲು ಮನಸ್ಸೂ ಆಗಲಿಲ್ಲ. ಹ್ಯಾಂಡಲ್ಲಿನ ಎರಡೂ ಬದಿಗೆ ತರಕಾರಿ ಚೀಲ ತೂಗುಹಾಕಿ, ಪಕ್ಕದಲ್ಲಿ ನಡೆಯುತ್ತ, ಅದು ವಾಲಿದಾಗಲೆಲ್ಲ ಗದರುತ್ತಿದ್ದರು. ನಾನು ಅವರನ್ನು ಮೊದಲು ಕಂಡದ್ದು ಹಾಗೆಯೇ, ಸಂತೆಯಿಂದ ಬರುವ ದಾರಿಯಲ್ಲಿ.

"ನೆಟ್ಟಗ ನಡಿ, ಎಲ್ಲಿಗ್ಹೊಂಟಿ?"

ಧಾರವಾಡದ ಕನ್ನಡ ಕಿವಿಗೆ ಬಿದ್ದು ನಾನು ಬ್ರೇಕ್ ಹಾಕಿದೆ. "ನನಗೆ ಹೇಳಿದ್ರಾ?"

"ಇದಕ್ಕವಾ. ನೀ ಕನ್ನಡದಾಕಿ ಏನು? ಹಂಗಾರ ಈ ಚೀಲಾ ಹಿಡಿ."

ಅದು ೨೦೧೧ರ ಮಾತು. ತುಮಕೂರಿನಿಂದ ಬಂದ ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿ ಕೆಲವು ತಿಂಗಳಾಗಿತ್ತಷ್ಟೆ. ಚೀಲ ಹಿಡಿದು ಹೋದವಳು ಆಮೇಲೆ ಆ ಮನೆಯವಳಂತೆಯೇ ಆದೆ. ಗಿರಿಜಕ್ಕ ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವರು. ಮದುವೆಯ ವಯಸ್ಸು ಮೀರಿತೆಂದು ಎಲ್ಲರೂ ಸುಮ್ಮನಾದ ಮೇಲೆ, ನೈಮೆಗನ್ನಿನ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿದ್ದ ಮೈಸೂರಿನ ಸುರೇಶ್ ಅವರನ್ನು ಮದುವೆಯಾದರು. ಸುರೇಶ್ ಅವರ ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಹನ್ನೊಂದರ ಮಗಳಿದ್ದಳು, ನಿಧಿ.

ಗಿರಿಜಕ್ಕನಿಗೆ ಇತಿಹಾಸ ನಡೆದಂತೆ ಇದ್ದರೆ ಸಮಾಧಾನವಿರಲಿಲ್ಲ. ರೊಟ್ಟಿ ಬಡಿಯುತ್ತ, "ಹಂಗಾಗಿರಲಿಲ್ಲ ಅಂದ್ರ ಏನಾಗ್ತಿತ್ತು, ಹೇಳು?" ಎಂದು ಶುರು ಮಾಡುತ್ತಿದ್ದರು. ಅವರ ಮನಸ್ಸಿಗೆ ಹತ್ತಿದ್ದದ್ದು ಮಾತ್ರ ಒಂದೇ ಕಥೆ.

"ಅಮೆರಿಕಾದಾಗ ನಾಕು ಸಲ ಅಧ್ಯಕ್ಷರನ್ನ ಗುಂಡ್ಹಾಕಿ ಕೊಂದಾರ. ನಾಕು ಸಲಾನೂ ಉಪಾಧ್ಯಕ್ಷ ಬಂದು ಆ ಕುರ್ಚಿ ಮ್ಯಾಲ ಕುಂತಾನ. ನನ್ನ ಹುಡುಗ್ರು ಪರೀಕ್ಷಾದಾಗ ಸತ್ತಾಂವನ ಬಗ್ಗೆ ಪುಟಗಟ್ಟಲೆ ಬರೀತಿದ್ರು. ಕುಂತಾಂವನ ಬಗ್ಗೆ ಒಂದು ಸಾಲು. ಅಂವಗ ನಿದ್ದಿ ಬಂತೋ ಇಲ್ಲೋ, ಒಬ್ಬರೂ ಕೇಳಲಿಲ್ಲ ನೋಡವಾ."

ಅದಕ್ಕೇ ಅವರು ಇತಿಹಾಸದಲ್ಲಿ ಇಲ್ಲದ ಐದನೆಯ ಕೊಲೆಯೊಂದನ್ನು ಕಲ್ಪಿಸಿಕೊಂಡು ನಾಟಕ ಬರೆಯುತ್ತಿದ್ದರು. ಅದರಲ್ಲಿ ಜನಪ್ರಿಯ ಅಧ್ಯಕ್ಷನೊಬ್ಬ ಯುದ್ಧ ಹೂಡುವುದಾಗಿ ಮಾತು ಕೊಟ್ಟು, ಮರುದಿನ ರೈಲು ನಿಲ್ದಾಣದಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ಯುದ್ಧ ಬೇಡವೆನ್ನುತ್ತಿದ್ದ ಉಪಾಧ್ಯಕ್ಷ ಪ್ರಮಾಣವಚನ ಸ್ವೀಕರಿಸುತ್ತಾನೆ. ಅಮರನಾದವನ ಮಾತು ನಡೆಸಿಕೊಡು ಎಂದು ಇಡೀ ದೇಶ ಅಳುತ್ತ ಬಾಗಿಲಲ್ಲಿ ನಿಂತಿದೆ. ಎರಡು ಅಂಕ ಮುಗಿದಿತ್ತು, ಮೂರನೆಯದು ಮುಂದೆ ಹೋಗುತ್ತಿರಲಿಲ್ಲ. "ಅಂವಾ ಏನ್ ಮಾಡ್ತಾನ ಅಂತ ನನಗಽ ಗೊತ್ತಿಲ್ಲ" ಎನ್ನುತ್ತಿದ್ದರು.

ನಿಧಿಯ ತಾಯಿ ಚೆನ್ನಾಗಿ ಹಾಡುತ್ತಿದ್ದರಂತೆ. ಮಗಳು ಸಂಗೀತ ಬಿಡಬಾರದು ಎಂಬುದು ಅವರು ಕೊನೆಯಲ್ಲಿ ಆಡಿದ ಮಾತು. ಹಾಗಾಗಿ ಶನಿವಾರ ಬಂತೆಂದರೆ ಯುಟ್ರೆಕ್ಟಿನ ಸಂಗೀತದ ಟೀಚರ ಮನೆಗೆ ನಿಧಿ ಹೋಗಲೇಬೇಕು. ಕರೆದೊಯ್ಯುವ ಕೆಲಸ ಗಿರಿಜಕ್ಕನದು. ಒಮ್ಮೆ ನನಗೂ ಅಲ್ಲಿ ಕೆಲಸವಿದ್ದು ಜೊತೆಗೆ ಹೋದೆ. ರೈಲಿನಲ್ಲಿ ದಾರಿಯುದ್ದಕ್ಕೂ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಪ್ರತಿ ಶನಿವಾರವೂ ಹೊಟ್ಟೆನೋವಂತೆ. ಯುಟ್ರೆಕ್ಟಿನಲ್ಲಿ ಇಳಿದವಳು ಪ್ಲಾಟ್‌ಫಾರಂ ಬಿಟ್ಟು ಕದಲಲಿಲ್ಲ.

ಗಿರಿಜಕ್ಕ ಬೆಂಚಿನ ಮೇಲೆ ಪಕ್ಕದಲ್ಲಿ ಕೂತರು. "ಯಾಕವಾ, ಟೀಚರ್ ಬೈತಾರೇನು?"

"ನೋ. ಹಾಡಿದ್ರೆ ಅಮ್ಮ ಪಕ್ಕದಲ್ಲೇ ಕೂತಿದಾರೆ ಅನ್ಸತ್ತೆ." ನಿಧಿ ಹಳಿಗಳತ್ತ ನೋಡುತ್ತ ಹೇಳಿದಳು, "ದೆನ್ ಸಾಂಗ್ ಮುಗಿಯತ್ತೆ."

ಎರಡು ರೈಲು ಬಂದು ಹೋದವು. ಗಿರಿಜಕ್ಕ ಅವಳನ್ನು ತಬ್ಬಿಕೊಳ್ಳಲಿಲ್ಲ, ಬುದ್ಧಿ ಹೇಳಲಿಲ್ಲ. ಟೀಚರಿಗೆ ಫೋನ್ ಮಾಡಿ, ಇನ್ನು ಮುಂದೆ ನಿಧಿ ಬರುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ಫೋನ್ ಚೀಲಕ್ಕೆ ಹಾಕಿ, ವಾಪಸು ರೈಲು ಎಷ್ಟು ಹೊತ್ತಿಗೆಂದು ನೋಡಲು ಎದ್ದರು.

ಸಂಜೆ ಊಟಕ್ಕೆ ನಾನೂ ಅವರ ಮನೆಯಲ್ಲೇ ಇದ್ದೆ. ಸುರೇಶ್ ದನಿ ಏರಿಸುವ ಮನುಷ್ಯನಲ್ಲ. ಅವತ್ತೂ ಮೆಲ್ಲಗೇ ಕೇಳಿದರು.

"ಅದು ಅವಳ ಕೊನೇ ಆಸೆ ಗಿರಿಜಾ. ನಿಲ್ಸೋಕೆ ನೀನ್ಯಾರು?"

"ಅದನ್ನಽ ನಾನೂ ಕೇಳ್ಕೊಳ್ಳಾಕತ್ತೀನ್ರಿ" ಎಂದರು ಗಿರಿಜಕ್ಕ. "ಉತ್ತರ ಸಿಕ್ಕಿಲ್ಲ. ಆದ್ರ ಅಕೀನ್ನ ಮತ್ತ ಆ ರೈಲು ಹತ್ತಸೂದಿಲ್ಲ."

ಆಮೇಲೆ ಆ ಮನೆಯಲ್ಲಿ ಬಹಳ ದಿನ ಬೇಕಾದಷ್ಟೇ ಮಾತು, ಉಪ್ಪು ಕೊಡು, ಬಾಗಿಲು ಹಾಕು. ಮೂರನೆಯ ಅಂಕವನ್ನು ಅವರು ಬರೆದದ್ದು ಆ ದಿನಗಳಲ್ಲೇ.

ನಾಟಕ ಆಡಿದ್ದು ಐಂಡ್‌ಹೋವನ್ನಿನಲ್ಲಿ, ಕನ್ನಡಿಗರ ಯುಗಾದಿ ಕೂಟದಲ್ಲಿ. ತಾಲೀಮಿಗೆ ಯಾವ ಗಂಡಸೂ ಸರಿಯಾಗಿ ಬಾರದ್ದರಿಂದ ಉಪಾಧ್ಯಕ್ಷನ ಪಾತ್ರ ಗಿರಿಜಕ್ಕನೇ ಮಾಡಿದರು, ಸುರೇಶ್ ಅವರ ಕರಿ ಕೋಟು ತೊಟ್ಟು, ತೋಳು ಮಡಚಿಕೊಂಡು. ಸತ್ತ ಅಧ್ಯಕ್ಷನ ಹೆಂಡತಿ ನಾನು. ಜನ ಮೊದಲು ಕೋಟು ನೋಡಿ ನಕ್ಕರು. ಹಿಂದೆ ಮಕ್ಕಳು ಓಡಾಡುತ್ತಿದ್ದರು, ಹೋಳಿಗೆಯ ವಾಸನೆ ಆಗಲೇ ಬರುತ್ತಿತ್ತು. ಕೊನೆಯ ದೃಶ್ಯದಲ್ಲಿ ನಾನು ಕೇಳಬೇಕು: "ಅವರ ಮಾತು ಮುರಿಯುತ್ತೀರಾ?"

ಗಿರಿಜಕ್ಕ ತಡೆದು ತಡೆದು ಹೇಳಿದರು: "ಅವರು ಬದುಕಿದ್ದಿದ್ದರೆ ನಾಳೆ ಮನಸ್ಸು ಬದಲಿಸಬಹುದಿತ್ತು, ತಾಯಿ. ಸತ್ತರೆಂದು ಆ ಹಕ್ಕನ್ನೂ ಅವರಿಂದ ಕಿತ್ತುಕೊಳ್ಳೋಣವೇ?"

ತಾಲೀಮಿನಲ್ಲಿ ಹತ್ತಾರು ಸಲ ಕೇಳಿದ್ದ ಮಾತು. ಅವತ್ತು ನನಗೆ ಮುಂದಿನ ಸಾಲು ಮರೆತುಹೋಯಿತು. ಕೆಳಗೆ ಸುರೇಶ್ ತಲೆ ತಗ್ಗಿಸಿ ಕೂತಿದ್ದರು.

ಚಪ್ಪಾಳೆ ಸಾಧಾರಣ. ಊಟದ ಸಾಲಿನಲ್ಲಿ ಹಿರಿಯರೊಬ್ಬರು, "ಯುಗಾದಿಗೆ ಅಮೆರಿಕದ ಸಾವು ಯಾಕೆ ಮೇಡಂ?" ಎಂದು ಕೇಳಿಯೇಬಿಟ್ಟರು. "ದೂರದ ಹೆಣಾ ಹೊರಾಕ ಹಗರ ಇರತೈತ್ರಿ" ಎಂದು ಗಿರಿಜಕ್ಕ ಕೋಸಂಬರಿ ಬಡಿಸಿಕೊಂಡರು.

ವಾಪಸು ರೈಲಿನಲ್ಲಿ ಸುರೇಶ್ ಕಿಟಕಿಯ ಕಡೆಗೇ ನೋಡುತ್ತಿದ್ದರು. ಅರ್ಧ ದಾರಿ ಕಳೆದ ಮೇಲೆ ಮಗಳ ಕಡೆ ತಿರುಗಿದರು. "ನಿಧಿ, ಶನಿವಾರ ನಿನಗೇನು ಮಾಡೋಕೆ ಇಷ್ಟ?"

"ಸ್ಲೀಪ್."

ಮೊದಲು ನಕ್ಕವರು ಸುರೇಶ್. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಿರಿಜಕ್ಕ ಏನೂ ಕಾಣದವರಂತೆ ಕೋಟು ಮಡಚತೊಡಗಿದರು. ನಿಧಿ ಆಮೇಲೆ ಹಾಡಲೂ ಇಲ್ಲ, ದೊಡ್ಡದೇನನ್ನೂ ಸಾಧಿಸಲೂ ಇಲ್ಲ. ಶನಿವಾರಗಳಂದು ನಿದ್ದೆ ಮಾಡಿದಳು. ಹೊಟ್ಟೆನೋವು ಹೋಯಿತು.

೨೦೧೬ರಲ್ಲಿ ಸುರೇಶ್ ಅವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿ ಅವರೆಲ್ಲ ಹೊರಟರು. ಬೀಳ್ಕೊಡಲು ಸ್ಟೇಷನ್ನಿಗೆ ಹೋದೆ. ತಂದೆ ಮಗಳು ಸೂಟ್‌ಕೇಸುಗಳನ್ನು ರೈಲಿಗೆ ಏರಿಸುತ್ತಿದ್ದರು. ಗಿರಿಜಕ್ಕನ ಕಂಕುಳಲ್ಲಿ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಚೌಕದ ಗಂಟೊಂದಿತ್ತು. ನಾನು ಕೈ ಚಾಚಿದರೆ ಕೊಡಲಿಲ್ಲ.

"ನಿಧಿ ಅವ್ವನ ಫೋಟೋ. ಪೆಟ್ಟಿಗ್ಯಾಗ ಹಾಕಿದ್ರ ಗಾಜು ಒಡೀತೈತಿ."

ಇಷ್ಟು ವರ್ಷ ಕೇಳದೇ ಉಳಿದಿದ್ದನ್ನು ಆಗ ಕೇಳಿದೆ. "ಅವತ್ತು ಟೀಚರ್‌ಗೆ ಫೋನ್ ಮಾಡುವಾಗ ಭಯ ಆಗ್ಲಿಲ್ವಾ ಗಿರಿಜಕ್ಕ?"

"ಆಗಿತ್ತವಾ. ಮನೀಗೆ ಹೋಗಿ ಇಕಿ ಫೋಟೋ ಮುಂದಽ ನಿಂತೆ. ನಿನ್ನ ಮಾತು ಮುರದೀನಿ, ಬೈಯೂದಿದ್ರ ಬೈ ಅಂದೆ. ಸುಮ್ಮನ ನಕ್ಕೋತ ಇದ್ಲು." ಸೀರೆಯ ಗಂಟನ್ನು ಸರಿ ಮಾಡಿಕೊಂಡರು. "ಸತ್ತವರು ನಮ್ಮಷ್ಟು ಹಠಮಾರಿ ಇರೂದಿಲ್ಲ ತಂಗಿ. ಹಠ ಎಲ್ಲಾ ಇದ್ದವರದು."

ನಿಧಿ ಬಾಗಿಲಿನಿಂದ ಕೂಗಿ ಕರೆದಳು. ಗಿರಿಜಕ್ಕ ಹತ್ತಿ, ಕಿಟಕಿಯ ಪಕ್ಕ ಕೂತು, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡರು. ರೈಲು ಹೊರಟಾಗ ನನ್ನತ್ತ ಬೀಸಿದ್ದು ಒಂದೇ ಕೈ. ಇನ್ನೊಂದು ಕೈ, ಜಾರದಂತೆ, ಅದರ ಮೇಲಿತ್ತು.