ಕೇಳದೆ ಹಾಕಿದ ಹೆಸರು

ತರೀಕೆರೆಯಲ್ಲಿ ನನ್ನದು ಮದುವೆ ಕಾರ್ಡ್ ಪ್ರಿಂಟ್ ಮಾಡುವ ಪ್ರೆಸ್ಸು. ಪ್ರೆಸ್ಸಿನ ಹೆಸರಲ್ಲೇ ವೆಬ್‌ಸೈಟು, ಇಮೇಲು ಮಾಡಿಸಿಕೊಂಡು ಜಂಬಪಡುತ್ತಿದ್ದೆ. ಯಾವನೋ ಪುಣ್ಯಾತ್ಮ ಕಳಿಸಿದವರ ಜಾಗದಲ್ಲಿ ಆ ವಿಳಾಸವನ್ನೇ ಹಾಕಿ, ಊರಿಗೆಲ್ಲ ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು ಕಳಿಸಿಬಿಟ್ಟ. ತಲುಪದ ಮೇಲ್‌ಗಳೆಲ್ಲ ವಾಪಸ್ ನನಗೇ ಬಂದವು. ತಲುಪಿದ್ದಕ್ಕೆ ಬೈಗುಳವೂ ನನಗೇ.

ಒಂದು ಬೆಳಿಗ್ಗೆ ಅಜ್ಜಂಪುರದ ಬಸ್ಸಿಳಿದು ಹಿರಿಯರೊಬ್ಬರು ನೇರ ಪ್ರೆಸ್ಸಿಗೆ ಬಂದರು. ಆಳು ಸ್ವಲ್ಪ ಭಾರಿ. ಮೊಬೈಲನ್ನು ನನ್ನ ಮೂಗಿಗೆ ಹಿಡಿದು, "ಏನಪ್ಪಾ, ನನ್ನ ಹೊಟ್ಟೆ ಉಸಾಬರಿ ನಿನಗ್ಯಾಕೆ?" ಅಂದರು.

"ಯಜಮಾನ್ರೇ, ಇದು ನಾನು ಕಳಿಸಿದ್ದಲ್ಲ. ಯಾರೋ ನನ್ನ ಕೇಳದೆ ನನ್ನ ಹೆಸರು ಹಾಕ್ಕೊಂಡಿದ್ದಾರೆ."

"ಕೇಳದೆ ಹೆಂಗೆ ಹಾಕ್ತಾರೆ? ಮರ್ಯಾದಸ್ಥರು ಮಾಡೋ ಕೆಲ್ಸನಾ ಅದು?"

"ಅದೇ ಕಣ್ರೀ ನಾನೂ ಹೇಳೋದು!" ಅಂತ ಮೇಜು ಕುಟ್ಟಿದೆ.

ಕುಟ್ಟಬಾರದಿತ್ತು. ಮೇಜಿನ ಗಾಜಿನಡಿ ಸ್ಯಾಂಪಲ್ ಕಾರ್ಡುಗಳಿದ್ದವು. ಅವರು ಕನ್ನಡಕ ಏರಿಸಿ ಬಗ್ಗಿದರು. ಒಂದು ಕಾರ್ಡಿನಲ್ಲಿ "ಸುಖಾಗಮನ ಬಯಸುವವರು" ಅನ್ನೋದರ ಕೆಳಗೆ ಮೂರನೇ ಹೆಸರಿನ ಮೇಲೆ ಬೆರಳಿಟ್ಟರು.

"ಇದು ನಾನು. ಈ ಮನೆಯೋರ ಜೊತೆ ಮಾತು ಬಿಟ್ಟು ಹತ್ತು ವರ್ಷ ಆಯ್ತು. ಹಾಕೋ ಮುಂಚೆ ನನ್ನ ಒಂದು ಮಾತು ಕೇಳಿದ್ಯೇನಪ್ಪಾ?"

ನಾನು ಕಾಫಿ ತರಿಸಿದೆ.

ಇಮೇಲಿಗೆ ಆಮೇಲೆ ವ್ಯವಸ್ಥೆ ಮಾಡಿಸಿದೆ. ನಮ್ಮ ಹೆಸರಲ್ಲಿ ಬೇರೆಯವರು ಕಳಿಸಿದ್ದು ಈಗ ಹೆಚ್ಚಾಗಿ ಬಾಗಿಲಲ್ಲೇ ನಿಂತುಬಿಡುತ್ತದೆ. ಮದುವೆ ಕಾರ್ಡಿಗೂ ಅಂಥ ವ್ಯವಸ್ಥೆ ಬಂದರೆ ಗಂಡು, ಹೆಣ್ಣಿನ ಹೆಸರಷ್ಟೇ ಉಳಿಯುತ್ತದೆ. ಅವರನ್ನಾದರೂ ಕೇಳಿದ್ದಾರೋ ಇಲ್ಲವೋ, ನಾನು ಇದುವರೆಗೆ ವಿಚಾರಿಸಿಲ್ಲ.