ನೆರೆಮನೆಯಾಕೆ ಕೇಳಿದ ಒಂದು ಮಾತು

ನನ್ನ ಮೊಣಕಾಲಿಗೆ ಹಚ್ಚಲು ಸೊಸೆ ಇವತ್ತು ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದಳು. ಆ ವಾಸನೆಗೆ ನೆರೆಮನೆಯಾಕೆ ನೆನಪಾದಳು. ದಿನಾ ಸಂಜೆ ಅವಳ ಅಡುಗೆಮನೆಯಿಂದ ಇದೇ ವಾಸನೆ ಬರುತ್ತಿತ್ತು. ಮಗಳ ಕಾಲಿಗೆ ತಿಕ್ಕುತ್ತಿದ್ದಳು... ಮಕ್ಕಳೇ, ನೀವು ಆಗ ಸಣ್ಣವರು. ನಿಮಗೆ ಆ ಹುಡುಗಿಯ ನೆನಪೂ ಇರಲಿಕ್ಕಿಲ್ಲ.

ಚೆನ್ನಾಗಿ ಓಡಿಯಾಡುತ್ತಿದ್ದವಳು ಬರಬರುತ್ತಾ ನೆಲದಿಂದ ಏಳುವಾಗ ತೊಡೆಗೆ ಕೈ ಊರತೊಡಗಿದಳು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ತಾಯಿ ಅವಳನ್ನು ಎತ್ತಿಕೊಂಡೇ ನಂತೂರಿನಲ್ಲಿ ರಸ್ತೆ ದಾಟುತ್ತಿದ್ದಳು.

ಅತ್ತಾವರದ ಆಸ್ಪತ್ರೆಗೆ ಹೋಗುವಾಗ ಹುಡುಗಿಯನ್ನು ಹಿಡಿದುಕೊಳ್ಳಲು ನನ್ನನ್ನೂ ಕರೆದಳು. ಅವಳ ಗಂಡ, ಅತ್ತೆ ಜೊತೆಗಿದ್ದರು. ಗಂಡ ಮೀನುಗಾರಿಕೆ ಬೋಟಿನವನು.

"ನಿಮ್ಮದು ರಕ್ತಸಂಬಂಧದ ಮದುವೆಯಾ?" ಎಂದು ಡಾಕ್ಟ್ರಮ್ಮ ಕೇಳಿದರು.

"ಇಲ್ಲ ಡಾಕ್ಟ್ರೇ," ಎಂದಳು ಅತ್ತೆ. "ಇವನ ಬರಿ ಬೇರೆ, ಅವಳ ಬರಿ ಬೇರೆ."

ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ. ಅದು ಬೇರೆಯಾದರೆ ರಕ್ತವೂ ಬೇರೆ ಎಂದೇ ಅವರ ಲೆಕ್ಕ.

ನೆರೆಮನೆಯಾಕೆ ಮೆಲ್ಲಗೆ ಹೇಳಿದಳು: "ಇವರ ಅಪ್ಪ ನನಗೆ ಸೋದರಮಾವ, ಡಾಕ್ಟ್ರೇ. ನನ್ನ ಅಮ್ಮನ ಸ್ವಂತ ಅಣ್ಣ."

ಗಂಡಹೆಂಡಿರಿಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಟ್ಟರು. ಮುಂದಿನ ಸಲ ಹೋದಾಗ ಡಾಕ್ಟ್ರಮ್ಮ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸ್ನಾಯುವಿಗೆ ಬಲ ಕೊಡುವ ಒಂದು ಜೀನ್ ಉಂಟು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ತೊಂದರೆಯಿಲ್ಲ. ಈ ಹುಡುಗಿಗೆ ಎರಡೂ ಕೆಟ್ಟದ್ದೇ ಬಂದಿದೆ. "ಇಬ್ಬರಲ್ಲೂ ಒಂದೊಂದು ಕೆಟ್ಟದ್ದು ಉಂಟು. ಯಾರದ್ದೂ ತಪ್ಪಲ್ಲ. ಜೀನಿಗೆ ಬರಿ ಗಿರಿ ಗೊತ್ತಿಲ್ಲಮ್ಮ," ಎಂದರು. ಅರ್ಥವಾಯಿತೆಂದು ಗಂಡ ತಲೆಯಾಡಿಸಿದ. ನಾನು ಕಣ್ಣಾರೆ ಕಂಡಿದ್ದೇನೆ.

ಆ ವರ್ಷ ಅವರ ಮನೆಯ ದೈವಕ್ಕೆ ತಂಬಿಲ ಸೇವೆ ಕೊಡುವ ದಿನ ಕುಟುಂಬದವರೆಲ್ಲ ಸೇರಿದ್ದರು. ನಾನು ಅಡುಗೆಗೆ ಸಹಾಯ ಮಾಡಲು ಹೋಗಿದ್ದೆ. ಊಟವಾದ ಮೇಲೆ ಗಂಡನ ಸೋದರಮಾವ ಅಂಗಳದಲ್ಲಿ ಕೂತು ತೀರ್ಪು ಹೇಳಿದ.

"ಮಗುವಿನ ಬರಿ ತಾಯಿದು. ರೋಗವೂ ತಾಯಿಯ ಕಡೆದ್ದೇ. ನಮ್ಮ ಹುಡುಗನಿಗೆ ಎಂತ ಸಂಬಂಧ ಮಾರಾಯ್ರೇ? ಅವಳು ಮಗುವನ್ನು ಕರ್ಕೊಂಡು ತವರಿಗೆ ಹೋಗಲಿ."

ಅವಳು ಅಳಲಿಲ್ಲ. ಗಂಡನ ಕಡೆ ತಿರುಗಿ, "ಡಾಕ್ಟ್ರು ಹೇಳಿದ್ದನ್ನು ಇವರಿಗೆ ಒಮ್ಮೆ ಹೇಳಿ. ನನಗೆ ಬೇರೆ ಎಂತದ್ದೂ ಬೇಡ," ಎಂದಳು.

ಅವನು ಎಳನೀರಿನ ಬೊಂಡ ಕೆತ್ತುತ್ತಿದ್ದ. ತಲೆ ಎತ್ತದೆ, "ಡಾಕ್ಟ್ರು ಹೇಳಿದ್ದು ನನಗೆ ಅರ್ಥ ಆಗ್ಲಿಲ್ಲ," ಎಂದ.

ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವವನಿಗೆ ಇಷ್ಟು ಅರ್ಥವಾಗಲಿಲ್ಲವಂತೆ! ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ತವರಿನಲ್ಲಾದರೂ ಏನಾಯಿತು? "ನೀನು ಇಲ್ಲಿ ಬಂದು ಕೂತರೆ ನನ್ನ ಹುಡುಗಿಯರನ್ನು ಯಾರು ಕೇಳ್ತಾರೆ?" ಎಂದಳು ಸ್ವಂತ ಅಕ್ಕ. ಕೊನೆಗೆ ಅವಳು ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದಳು. ಬೆಳಿಗ್ಗೆ ಮೀನು ಮಾರಿ ಬಂದು, ಕೈ ತೊಳೆದು, ಮಗಳ ಕಾಲು ತಿಕ್ಕಲು ಕೂರುತ್ತಿದ್ದಳು. ನಾನು ಹೋದಾಗೆಲ್ಲ ಗಂಡನ ಬಗ್ಗೆ ಕೇಳುತ್ತಿದ್ದದ್ದು ಒಂದೇ. "ಇವರು ಏನಾದ್ರೂ ಹೇಳಿದ್ರಾ ಅಕ್ಕ?"

ಉಸಿರಾಟ ಸೋತು ಹುಡುಗಿ ಹೋದಳು. ಮರುವರ್ಷ ಜ್ವರ ಬಂದು ಅವಳೂ...

ಮೊನ್ನೆ ಆ ಗಂಡ ನಮ್ಮಲ್ಲಿಗೆ ಬಂದಿದ್ದ. ಅವನ ತಂಗಿಯ ಮಗನಿಗೂ ಅಣ್ಣನ ಮಗಳಿಗೂ ಮದುವೆಯಂತೆ. ಕರೆಯೋಲೆ ಚಾಚಿದ.

"ಇಬ್ಬರಿಗೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ?" ಎಂದೆ.

"ಎಂತಕ್ಕೆ ಅಕ್ಕ? ಬರಿ ಬೇರೆ ಅಲ್ವಾ!"

ನಾನು ನಾಲ್ಕು ಜನರ ಎದುರು ಬಾಯಿ ತೆರೆಯುವವಳಲ್ಲ, ನಿಮಗೆ ಗೊತ್ತು. ಆದರೆ ಅವತ್ತು ಬೀದಿಗೆ ಕೇಳುವ ಹಾಗೆ ಕೂಗಿದೆ. "ಅವತ್ತು ಡಾಕ್ಟ್ರು ಹೇಳಿದ್ದನ್ನು ಮೊದಲು ಆ ಮಕ್ಕಳಿಗೆ ಹೋಗಿ ಹೇಳು. ಮತ್ತೆ ನನ್ನ ಮೆಟ್ಟಿಲು ಹತ್ತು."

ಅವನು ಹೇಳಿದನೋ ಇಲ್ಲವೋ ಗೊತ್ತಿಲ್ಲ. ಹೇಳಿದರೆ ಆ ಮಕ್ಕಳಿಗೆ ಒಳ್ಳೆಯದಾದೀತು. ಅವನ ಬಾಯಿಂದ ಆ ಮಾತು ಕೇಳಬೇಕೆಂದು ಕಾದವಳು ಮಾತ್ರ ಈಗಿಲ್ಲ.