ಡ್ಯೂಟಿಯಲ್ಲಿ ಪಾನ್ಸಿಟ್

ಇಲೊಯಿಲೊ ನಗರದಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿದ್ದ ಡಾಲಿಸೈ, ತನಗೆ ಬದುಕೇ ಬೇಡವಾಗಿದೆ ಎಂದು ಒಂದು ದಿನ ಡ್ಯೂಟಿಯಲ್ಲೇ ಅತ್ತಳು. ನಮಗೆ ವಾರ್ಡಿನಲ್ಲಿ ಕಲಿಸುವ ಬೆಲ್ಯೋಸೊ ಮೇಡಂ ಎಂಬ ಮಾರಿ, "ಅಳೋ ಹಾಗಿದ್ರೆ ನರ್ಸಿಂಗ್ ಯಾಕೆ ಸೇರ್ದೆ? ಮನೆಗ್ಹೋಗಿ ಹಂದಿ ಮೇಯ್ಸು" ಎಂದಳು.

ಮರುವಾರ ಡಾಲಿಸೈಯ ಹುಟ್ಟುಹಬ್ಬ. ತಾಯಿ ಪಾನ್ಸಿಟ್ ಎಂಬ ಉದ್ದನೆಯ ಶಾವಿಗೆ ಮಾಡಿ, ಮಗಳ ಆಯಸ್ಸೂ ಅಷ್ಟೇ ಉದ್ದವಾಗಲೆಂದು ಡಬ್ಬಿಯಲ್ಲಿ ಕಳಿಸಿದ್ದಳು. ಆದರೆ ಡ್ಯೂಟಿಯಲ್ಲಿ ಶಾವಿಗೆ ತಿಂದರೆ ರೋಗಿಗಳ ಸಾಲೂ ಉದ್ದವಾಗುತ್ತದೆಂದು ನಮ್ಮ ಆಸ್ಪತ್ರೆಗಳಲ್ಲಿ ನಂಬುತ್ತಾರೆ. ಡಾಲಿಸೈ ಅದನ್ನು ವಾರ್ಡಿಗೆ ತಂದದ್ದು ಕಂಡು ಮೇಡಂ ಡಬ್ಬಿಯನ್ನೇ ಕಸದ ಬುಟ್ಟಿಗೆ ಎಸೆದಳು.

"ಅನಿಷ್ಟ! ನಮ್ಮನ್ನೆಲ್ಲ ಸಾಯಿಸ್ಬೇಕು ಅಂತಿದ್ದೀಯಾ?"

ಡಾಲಿಸೈ ಬುಟ್ಟಿಗೆ ಕೈಹಾಕಿ ಡಬ್ಬಿ ಎತ್ತಿಕೊಂಡಳು. ಮುಚ್ಚಳ ತೆಗೆದು, ಮೇಡಂ ಎದುರಿಗೇ ನಿಂತು ಬಾಯಿತುಂಬ ತಿಂದಳು.

"ನಿಮ್ಮ ವಾರ್ಡು ತುಂಬಿದ್ರೆ ತುಂಬ್ಲಿ, ಮೇಡಂ" ಎಂದಳು. "ನಾನಂತೂ ಇವತ್ತು ಸಾಯಲ್ಲ."